ಕಂಬಳಿಗೆ ಮೈಲಿಗೆಯಿಲ್ಲ

ಪರಮಶಿವಪ್ಪನವರ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ಮುಷ್ಟಿ ಹಿಡಿಸುವಷ್ಟು ದೊಡ್ಡ ಹುಣ್ಣಾಗಿತ್ತು. ದಿನಾ ಅದನ್ನು ತೊಳೆಯುತ್ತಿದ್ದವಳು ಬಂಗಾರಮ್ಮ. ಹೆಂಡತಿ ಮುಟ್ಟುತ್ತಿರಲಿಲ್ಲ. ಮಗ ಮುಟ್ಟುತ್ತಿರಲಿಲ್ಲ. ಸೊಸೆ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲಿಂದಲೇ ‘ಮಾವ, ಹೇಗಿದ್ದೀರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಡುತ್ತಿದ್ದಳು.

ಹಾಸಿಗೆ ಹಿಡಿದವರಿಗೆ ಇಂಥ ಹುಣ್ಣು ಆಗುತ್ತದೆ, ನೋಡಿಕೊಳ್ಳುವವರು ಸರಿಯಿರಬೇಕು ಎಂದರು ಡಾಕ್ಟರು. ಬಂಗಾರಮ್ಮನ ಕೈಯಿಂದ ಆಯಿತು ಎಂದರು ಮನೆಯವರು. ಹೇಗೆ ಆಯಿತೆಂದು ಬಂಗಾರಮ್ಮನಿಗೆ ಗೊತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ.

ಪರಮಶಿವಪ್ಪನವರು ಸೊರಬದ ಪೇಟೆಯಲ್ಲಿ ಭತ್ತದ ಮಂಡಿ ನಡೆಸಿದವರು. ಮಂಡಿಯ ಮುಂದೆ ಲಾರಿ ನಿಂತರೆ ಚೀಲ ಹೊರಲು ಸುತ್ತಲ ಕೇರಿಗಳ ಗಂಡಸರು ಬರಬೇಕು. ಶ್ರಾವಣ ಬಂತೆಂದರೆ ಸಭೆಗಳಲ್ಲಿ ಶರಣರ ಮೇಲೆ ಇವರದೇ ಭಾಷಣ. ಕುಲವಿಲ್ಲ, ಮೇಲು ಕೀಳಿಲ್ಲ ಎಂದು ಮೈಕು ಹರಿಯುವ ಹಾಗೆ ಕೂಗಿ, ಶಾಲು ಹೊದಿಸಿಕೊಂಡು ಬರುತ್ತಿದ್ದರು. ಹೇಳೋದು ಆಚಾರ, ಮಾಡೋದು ಅನಾಚಾರ. ಶಾಲುಗಳು ಮಾತ್ರ ಬೀರುವಿನ ತುಂಬ ಇದ್ದವು.

ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಯಿತು. ಮೊದಲೇ ಸಕ್ಕರೆ ಕಾಯಿಲೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿಸಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನೋಡಿಕೊಳ್ಳುವುದು ಎಂದರೆ ಏನು? ಉಚ್ಚೆ ಬಳಿಯಬೇಕು. ಹೇಲು ಬಳಿಯಬೇಕು. ಎರಡು ಗಂಟೆಗೊಮ್ಮೆ ಆ ದಪ್ಪ ಮೈಯನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು. ಏಜೆನ್ಸಿಯಿಂದ ಬಂದಿದ್ದ ಹೋಮ್ ನರ್ಸ್ ವಾರ ತುಂಬುವುದರೊಳಗೆ ಬ್ಯಾಗು ಎತ್ತಿಕೊಂಡು ಹೋದ. ಆಗ ಮಗ ರೇಣುಕಾಪ್ರಸಾದನಿಗೆ ಬಂಗಾರಮ್ಮನ ನೆನಪಾಯಿತು.

ಸೊರಬದಿಂದ ತೊಗರ್ಸಿ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದರೆ ಅವಳ ಊರು. ಊರು ದಾಟಿ, ಹುಣಸೆಮರ ದಾಟಿದರೆ ಅವಳ ಕೇರಿ. ರೇಣುಕಾಪ್ರಸಾದ ಕಾರನ್ನು ಹುಣಸೆಮರದ ಕೆಳಗೇ ನಿಲ್ಲಿಸಿ ಹಾರ್ನ್ ಹೊಡೆದ.

‘ನಿಂಗೆ ಅಭ್ಯಾಸ ಐತಲ್ಲ ಬಂಗಾರಮ್ಮ. ಪುಟ್ಟಪ್ಪನ್ನ ನೋಡ್ಕಂಡೋಳು ನೀನು’ ಎಂದ.

ಅಭ್ಯಾಸ! ಪುಟ್ಟಪ್ಪ ಅವಳ ಗಂಡ. ಇವರದೇ ಮಂಡಿಯಲ್ಲಿ, ಇವರದೇ ಲಾರಿಯ ಮೇಲಿಂದ, ಚೀಲದ ಸಮೇತ ಕೆಳಗೆ ಬಿದ್ದು ಸೊಂಟ ಮುರಿದುಕೊಂಡವನು. ಗೋಣಿತಾಟಿನ ಮೇಲೆ ಮಲಗಿಯೇ ಇದ್ದ. ಕುಂಡೆಯ ಮೇಲೆ ಮೊದಲು ಕೆಂಪು ಕಾಣಿಸಿತು. ಆಮೇಲೆ ತೊಗಲು ಕಿತ್ತು ಬಂತು. ಬಂಗಾರಮ್ಮ ಅರಿಸಿನ ಹಚ್ಚಿದಳು, ಬೇವಿನ ಸೊಪ್ಪು ಅರೆದು ತುಂಬಿದಳು. ಕೂಲಿಗೆ ಹೋದ ಹೊತ್ತಿನಲ್ಲಿ ಮನೆಯಲ್ಲಿ ಮುದುಕಿ ಅತ್ತೆ ಮಾತ್ರ, ಅವಳ ಕೈಯಲ್ಲಿ ಹೊರಳಿಸಲು ಆಗುತ್ತಿರಲಿಲ್ಲ. ಹುಳ ಬಿದ್ದವು. ಕೊನೆಕೊನೆಗೆ ಅವನ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ಆದರೂ ಚಳಿ ಚಳಿ ಎಂದು ನಡುಗುತ್ತಿದ್ದ. ಹಾಗೇ ಸತ್ತ. ಪರಮಶಿವಪ್ಪನವರು ಒಮ್ಮೆ ಬಂದಿದ್ದರು. ಇದೇ ಹುಣಸೆಮರದ ಕೆಳಗೆ, ಮೂಗಿಗೆ ಕರ್ಚೀಪು ಒತ್ತಿಕೊಂಡು ನಿಂತು, ಅವಳನ್ನು ಅಲ್ಲಿಗೇ ಕರೆಸಿ, ‘ಶಿವ ಇದ್ದಾನೆ ಬಿಡು’ ಎಂದು ಹೇಳಿ ಹೋಗಿದ್ದರು.

ಅಂಥವರ ಮನೆಗೆ ಯಾಕೆ ಹೋದೆ ಎಂದು ಕೇರಿಯ ಹೆಂಗಸರು ಕೇಳಿದರು. ಹೊಟ್ಟೆ ಕೇಳಬೇಕಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ. ಮನುಷ್ಯನ ಮಾಂಸ ಬದುಕಿರುವಾಗಲೇ ಕೊಳೆಯುವ ವಾಸನೆ ಅವಳಿಗೆ ಗೊತ್ತಿತ್ತು. ಅದು ಹಗೆಯವನಿಗೂ ಬೇಡ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತ್ತು.

ಮೊದಲ ದಿನವೇ ಸಾಹುಕಾರರ ಹೆಂಡತಿ ಅಕ್ಕನಾಗಮ್ಮ ಅವಳನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟರು. ಕೊಟ್ಟಿಗೆ ದಾಟಿ, ಪಡಸಾಲೆಯ ಅಂಚು ಹಿಡಿದು, ಬೇರೇನೂ ಮುಟ್ಟದೆ ಕೋಣೆಗೆ ಬರಬೇಕು. ಕೋಣೆಯಲ್ಲಿ ಡಾಕ್ಟರು ಬರೆದುಕೊಟ್ಟ ಗಾಳಿ ಹಾಸಿಗೆ ಇತ್ತು. ಮೋಟರು ಗುರ್ ಎನ್ನುತ್ತಿತ್ತು. ಹಾಸಿಗೆಯ ಉಬ್ಬುಗಳು ಒಮ್ಮೆ ಏರಿ ಒಮ್ಮೆ ಇಳಿದು, ಮೈಯ ಭಾರ ಒಂದೇ ಕಡೆ ಬೀಳದ ಹಾಗೆ ಮಾಡುತ್ತಿದ್ದವು. ಅಕ್ಕನಾಗಮ್ಮ ಅದರ ಮೇಲೆ ಕುರುಬರ ಉಜ್ಜಪ್ಪ ನೇಯ್ದುಕೊಟ್ಟಿದ್ದ ಕರಿ ಕಂಬಳಿಯನ್ನು ಹಾಸಿದರು. ಹೊಸದು. ಅಂಗೈ ಇಟ್ಟರೆ ಚುಚ್ಚುತ್ತಿತ್ತು.

‘ಇದ್ಯಾಕ್ರೀ ಅಮ್ಮಾರೆ?’ ಬಂಗಾರಮ್ಮ ಕೇಳಿದಳು.

‘ಕಂಬಳಿಗೆ ಮೈಲಿಗೆ ಇಲ್ಲ ಕಣೆ. ಇದಿದ್ರೆ ನೀನು ಮುಟ್ಟಿದ್ದು ಹಾಸಿಗೆಗೆ ತಾಗಲ್ಲ, ಮನೆಗೂ ತಾಗಲ್ಲ. ನಿಂಗೂ ದೋಷ ಇಲ್ಲ, ನಮಗೂ ಇಲ್ಲ.’

ಬೈಗುಳದ ದನಿಯಲ್ಲ ಅದು. ಉಪಕಾರ ಮಾಡುವವರ ದನಿ. ಬಂಗಾರಮ್ಮ ತಲೆಯಾಡಿಸಿದಳು. ಕಂಬಳಿಗೆ ಮೈಲಿಗೆ ಇಲ್ಲ ಎಂಬುದನ್ನು ಅವಳೂ ಹುಟ್ಟಿದಾಗಿನಿಂದ ಕೇಳಿದ್ದಳು.

ಕಂಬಳಿಗೆ ಮೈಲಿಗೆ ಇರಲಿಲ್ಲ ನಿಜ. ಉಚ್ಚೆ ಇತ್ತು. ರಾತ್ರಿ ಮಗನೂ ಸೊಸೆಯೂ ಏಳುತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದ ಬಂಗಾರಮ್ಮ ಹೊದಿಕೆ ಸರಿಸಿದರೆ ಕಂಬಳಿ ತೊಯ್ದು ತೊಪ್ಪೆಯಾಗಿರುತ್ತಿತ್ತು. ಆ ಒದ್ದೆ ಉಣ್ಣೆಯ ಮೇಲೆ ಅಷ್ಟು ದಪ್ಪ ಮೈ ರಾತ್ರಿಯೆಲ್ಲ ಒಂದೇ ಮಗ್ಗುಲಾಗಿ ಬಿದ್ದಿರುತ್ತಿತ್ತು. ಎಳೆದು ಸರಿಸಿದಾಗೆಲ್ಲ ತೊಗಲು ತರಿಯುತ್ತಿತ್ತು. ಒಗೆದುಕೊಂಡು ಬರುತ್ತೀನಿ ಎಂದರೆ ಅಕ್ಕನಾಗಮ್ಮ ಬಿಡಲಿಲ್ಲ. ‘ಕಂಬಳಿ ಒಗೆಯೋ ವಸ್ತುವಲ್ಲ, ಬಿಸಿಲಿಗೆ ಹಾಕು ಸಾಕು’ ಎಂದರು. ಬಿಸಿಲಿಗೆ ಹಾಕಿದರೆ ಉಚ್ಚೆ ಒಣಗಿ ಉಪ್ಪಾಗುತ್ತಿತ್ತು. ಉಣ್ಣೆ ಇನ್ನೂ ಬಿರುಸಾಗುತ್ತಿತ್ತು. ಸ್ವಲ್ಪ ದಿನಕ್ಕೇ ಬೆನ್ನ ಬುಡದಲ್ಲಿ ಕೆಂಪು ಕಾಣಿಸಿತು. ಒತ್ತಿದರೂ ಕೆಂಪು ಹೋಗಲಿಲ್ಲ. ಪುಟ್ಟಪ್ಪನದೂ ಹೀಗೇ ಶುರುವಾಗಿತ್ತು.

‘ಅಮ್ಮಾರೆ, ಕಂಬಳಿ ತೆಗಿಯಾನ. ತೊಗಲು ಕೀಳ್ತೈತೆ.’

‘ನೀನು ಸರಿಯಾಗಿ ಒರೆಸು ಮೊದ್ಲು.’

ತೊಗಲು ಕಿತ್ತ ಮೇಲೆ ಆಸ್ಪತ್ರೆಯ ಪ್ರಮೀಳಾ ಸಿಸ್ಟರನ್ನು ಮನೆಗೆ ಕರೆಸಿದರು. ಸಿಸ್ಟರು ಗಾಯ ನೋಡಿ, ಕಂಬಳಿ ನೋಡಿ, ಹಣೆ ಚಚ್ಚಿಕೊಂಡಳು. ‘ಮೊದ್ಲು ಇದನ್ನ ತೆಗೀರಿ. ಗಾಳಿ ಹಾಸಿಗೆ ತಂದು ಮೇಲೆ ಕಂಬಳಿ ಹಾಕಿದ್ರೆ ಏನು ಬಂತು? ತೆಳ್ಳನೆ ಹತ್ತಿ ಬಟ್ಟೆ ಸಾಕು. ಒದ್ದೆ ಆದ ತಕ್ಷಣ ಬದಲಾಯಿಸ್ಬೇಕು’ ಎಂದಳು. ಕಂಬಳಿ ತೆಗೆದರು. ಸಿಸ್ಟರ ಸ್ಕೂಟಿ ಗೇಟು ದಾಟಿತು. ಕಂಬಳಿ ಮತ್ತೆ ಬಂತು.

ಸಿಸ್ಟರು ಡ್ರೆಸಿಂಗ್ ಮಾಡುವುದನ್ನೂ ಕಲಿಸಿದಳು. ಉಪ್ಪುನೀರಿನ ಬಾಟಲಿಯಿಂದ ಗಾಯ ತೊಳೆಯುವುದು. ಉಜ್ಜಬಾರದು. ಸ್ಪಿರಿಟ್ ಹಾಕಬಾರದು, ಅರಿಸಿನ ತುಂಬಬಾರದು. ಹೊಸ ಬಟ್ಟೆ ಇಡುವ ಮುಂಚೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಬೆರಳ ಸಂದಿ, ಉಗುರ ಸಂದಿ ಬಿಡದೆ ಕೈ ತೊಳೆಯಬೇಕು. ತೊಳೆದ ಮೇಲೆ ಬೇರೇನನ್ನೂ ಮುಟ್ಟಬಾರದು. ‘ಇದೊಂದು ತಪ್ಪಿದ್ರೆ ಉಳಿದಿದ್ದೆಲ್ಲ ದಂಡ. ನಂಜು ರಕ್ತಕ್ಕೆ ಏರ್ತದೆ. ಹಿಂಗೆ, ನೋಡ್ಕ’ ಎಂದು ತೊಳೆದು ತೋರಿಸಿದಳು.

ತೋರಿಸಿದ್ದು ಕೋಣೆಗೇ ಅಂಟಿಕೊಂಡಿದ್ದ ಬಚ್ಚಲಿನ ಬೇಸಿನ್ನಿನಲ್ಲಿ. ಮಂಚದಿಂದ ನಾಲ್ಕು ಹೆಜ್ಜೆ. ಬಿಳೀ ಬೇಸಿನ್ನು, ಹೊಳೆಯುವ ನಲ್ಲಿ, ತಿರುಗಿಸಿದರೆ ಧಾರೆ. ಸಿಸ್ಟರು ಹೋದ ಮೇಲೆ ಬಂಗಾರಮ್ಮ ಅದರ ಕಡೆ ಒಂದು ಹೆಜ್ಜೆ ಇಟ್ಟಳಷ್ಟೆ. ಸೊಸೆ ಸೌಂದರ್ಯ ಹೊಸಿಲಿನಿಂದಲೇ ಕೂಗಿದಳು.

‘ಅಲ್ಲಿ ಬೇಡ ಬಂಗಾರಮ್ಮ. ನಂಗೇನಿಲ್ಲಪ್ಪ, ನಾನು ಅವೆಲ್ಲ ನಂಬೋಳಲ್ಲ. ಅತ್ತೆಗೆ ಆಗಲ್ಲ. ನೀನು ಹಿತ್ಲಲ್ಲೇ ತೊಳ್ಕೊ.’

ಹಿತ್ತಿಲಲ್ಲಿ ನಲ್ಲಿ ಇರಲಿಲ್ಲ. ಕಲಗಚ್ಚಿನ ಕಲ್ಲುಬಾನಿಯ ಪಕ್ಕ ಇನ್ನೊಂದು ಬಾನಿ ಇತ್ತು. ದನದ ಮೈ ತೊಳೆಯುವ ನೀರು ಅದರಲ್ಲಿ. ಸಗಣಿ ಬಾಚಿದ ಕೈಯೂ ಅದರಲ್ಲೇ, ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆಯುವ ಚೊಂಬೂ ಅದರಲ್ಲೇ. ಬಂಗಾರಮ್ಮ ಹೊರಗೆ ಹೋಗಿ ಅದರಲ್ಲಿ ಕೈ ಅದ್ದಿ ಸೋಪು ಹಚ್ಚಿ ತೊಳೆಯುತ್ತಿದ್ದಳು. ಆ ಕೈಯಿಂದಲೇ ಹಿತ್ತಿಲ ಬಾಗಿಲು ನೂಕುತ್ತಿದ್ದಳು. ಕೊಟ್ಟಿಗೆಯ ಗಳ ಸರಿಸುತ್ತಿದ್ದಳು. ಕೋಣೆಯ ಪರದೆ ಎತ್ತುತ್ತಿದ್ದಳು. ಆಮೇಲೆ ಅದೇ ಕೈ ಸಾಹುಕಾರರ ಹುಣ್ಣಿಗೆ ಹೋಗುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ಆ ಬಚ್ಚಲನ್ನು ದಿನಾ ತಿಕ್ಕಿ ತೊಳೆಯುತ್ತಿದ್ದವಳು ಬಂಗಾರಮ್ಮನೇ. ಕಮೋಡು ತಿಕ್ಕುತ್ತಿದ್ದವಳು ಅವಳೇ, ಆ ಬೇಸಿನ್ನಿಗೆ ಪುಡಿ ಹಾಕಿ ಬೆಳ್ಳಗೆ ಮಾಡುತ್ತಿದ್ದವಳೂ ಅವಳೇ. ನೀರನ್ನು ಅಕ್ಕನಾಗಮ್ಮ ಬಕೆಟಿನಲ್ಲಿ ತುಂಬಿಟ್ಟು ಸರಿದು ನಿಲ್ಲುತ್ತಿದ್ದರು. ಬೇಸಿನ್ನು ತೊಳೆಯಬಹುದು, ಬೇಸಿನ್ನಿನಲ್ಲಿ ತೊಳೆದುಕೊಳ್ಳಬಾರದು. ಥೂ, ಎಂಥ ಲೆಕ್ಕವೋ ಇದು. ಬಂಗಾರಮ್ಮ ಆಗ ಹಾಗೆ ಉಗಿಯಲಿಲ್ಲ. ಹಿತ್ತಿಲಿಗೆ ಹೋದಳು. ಇಂಥವರ ಮನೆಯಲ್ಲಿ ಇದು ಇದ್ದದ್ದೇ ಎಂದುಕೊಂಡಳು.

ಸಾಹುಕಾರರಿಗೆ ಮಾತು ಪೂರ್ತಿ ಹೋಗಿರಲಿಲ್ಲ. ತೊದಲುತ್ತ ಒಂದೊಂದು ಶಬ್ದ ಬರುತ್ತಿತ್ತು. ಬುದ್ಧಿ ನೆಟ್ಟಗಿತ್ತು. ಡ್ರೆಸಿಂಗ್ ಮಾಡುವಾಗ ನೋವಿಗೆ ಎಡಗೈಯಿಂದ ಬಂಗಾರಮ್ಮನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಒಮ್ಮೆ ‘ಅವ್ವಾ’ ಎಂದರು. ಅವರ ಅವ್ವನನ್ನು ಕರೆದರೋ ನೋವಿಗೆ ಹಾಗೆ ಬಂತೋ, ಕಣ್ಣು ಮಾತ್ರ ಇವಳನ್ನೇ ನೋಡುತ್ತಿತ್ತು. ‘ಆಯ್ತು ಸಾವ್ಕಾರ್ರೆ, ಆಯ್ತು, ಒಂಚೂರು ತಡ್ಕಳ್ರಿ’ ಎಂದು ಅವಳು ಬೆನ್ನು ಸವರಿದಳು. ಹುಣಸೆಮರದ ಕೆಳಗಿನ ಕರ್ಚೀಪು ಆವತ್ತು ಅವಳಿಗೆ ಮರೆತುಹೋಯಿತು. ಮನುಷ್ಯ ಮೆತ್ತಗಾಗಿದ್ದಾನೆ, ಕೊಳೆಯುವಾಗಲಾದರೂ ಗೊತ್ತಾಗಿದೆ ಎಂದುಕೊಂಡಳು. ಬೆಪ್ಪುತಕ್ಕಡಿ.

ಗಾಯ ಕಪ್ಪಾಯಿತು. ಹಸಿರು ಕೀವು ಬಂತು. ಹಳೆಯ ವಾಸನೆ, ಅವಳಿಗೆ ಗೊತ್ತಿದ್ದ ವಾಸನೆ, ಕೋಣೆ ತುಂಬಿ ಪಡಸಾಲೆಗೆ ಹರಿಯಿತು. ಸಾಹುಕಾರರ ಮೈ ಸುಡುತ್ತ ನಡುಗತೊಡಗಿದಾಗ ಶಿವಮೊಗ್ಗಕ್ಕೆ ಒಯ್ದರು. ಹಿಂದಿನ ಸೀಟಿನಲ್ಲಿ ಅವರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ಬಂಗಾರಮ್ಮ. ಆಸ್ಪತ್ರೆಯಲ್ಲಿ ಸತ್ತ ಮಾಂಸವನ್ನೆಲ್ಲ ಕೊಯ್ದು ತೆಗೆದರು. ಕೀವನ್ನು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಚೀಟಿ ಹಿಡಿದುಕೊಂಡು ಬಂದು ಸಿಡಿದರು.

‘ಕೊಟ್ಟಿಗೆಯಲ್ಲಿ ಮಲಗಿಸಿದ್ರೇನ್ರೀ ಇವರನ್ನ? ಸಗಣಿಯಲ್ಲಿರೋ ಥರದ ಕ್ರಿಮಿ ಇದೆ ಗಾಯದಲ್ಲಿ. ಯಾರು ಡ್ರೆಸಿಂಗ್ ಮಾಡೋದು?’

ರೇಣುಕಾಪ್ರಸಾದ ಬಂಗಾರಮ್ಮನ ಕಡೆ ಕೈ ತೋರಿಸಿದ. ‘ಕೆಲಸದವಳು ಸಾರ್. ಎಷ್ಟು ಹೇಳಿದ್ರೂ ಕ್ಲೀನ್ ಇರಲ್ಲ ಇವರು.’

‘ಕೈ ತೊಳೀತೀಯೇನಮ್ಮ?’ ಡಾಕ್ಟರು ಕೇಳಿದರು.

ಎಲ್ಲರೂ ಅವಳ ಕೈ ನೋಡಿದರು. ಡಾಕ್ಟರು, ನರ್ಸುಗಳು, ಪಕ್ಕದ ಮಂಚದವರು. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ‘ಹೂಂ ಸಾರ್’ ಎಂದಳು. ಎಲ್ಲಿ ತೊಳೀತೀಯ ಎಂದು ಯಾರೂ ಕೇಳಲಿಲ್ಲ.

‘ಕಂಬಳಿ ನೂಲು ಸಿಕ್ಕಿದೆ ಗಾಯದಲ್ಲಿ. ಕಂಬಳಿ ಯಾಕೆ ಹಾಕ್ತೀರಿ?’

‘ಚಳಿ ಸಾರ್ ನಮ್ಮ ಕಡೆ’ ಎಂದ ರೇಣುಕಾಪ್ರಸಾದ.

ಮೂಳೆ ಕಾಣುತ್ತಿದೆ, ಇನ್ನೊಂದು ಸಲ ನಂಜಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿ ಕಳಿಸಿದರು. ವಾಪಸು ಬರುವ ದಾರಿಯಲ್ಲಿ ಶಿಕಾರಿಪುರದಲ್ಲಿ ಕಾರು ನಿಲ್ಲಿಸಿ ಎಲ್ಲರೂ ಟೀ ಕುಡಿದರು. ಬಂಗಾರಮ್ಮನಿಗೆ ಕಾರಿನೊಳಗೇ ಕಾಗದದ ಲೋಟದಲ್ಲಿ ತಂದುಕೊಟ್ಟರು. ಸಾಹುಕಾರರ ತಲೆ ಅವಳ ತೊಡೆಯ ಮೇಲಿತ್ತು. ಅವಳು ಟೀ ಕುಡಿಯಲಿಲ್ಲ.

ಮಾರನೆಯ ದಿನ ಅವಳು ರೇಣುಕಾಪ್ರಸಾದನಿಗೆ ನೇರವಾಗಿ ಹೇಳಿದಳು. ‘ಅಣ್ಣಾರೆ, ಡಾಕ್ಟ್ರು ಹೇಳಿದ ಸಗಣಿ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತೈತೆ. ಬಾನಿಯಿಂದ ಬಂತು. ನಂಗೆ ಇಲ್ಲೇ ಬೇಸಿನ್ನಾಗೆ ಕೈ ತೊಳ್ಯಾಕೆ ಬಿಡ್ರಿ. ಕಂಬಳಿ ತೆಗೀರಿ. ಸಾವ್ಕಾರ್ರು ಉಳೀತಾರೆ.’

ರೇಣುಕಾಪ್ರಸಾದ ಸಿಟ್ಟಾಗಲಿಲ್ಲ. ಆ ಕಾಲ ಹೋಯಿತು. ಈಗಿನವರು ನಗುತ್ತಾರೆ. ಜಾತಿಯ ಹೆಸರು ಎತ್ತಿದರೆ ಕೇಸಾಗುತ್ತದೆ ಎಂದು ಅವನಿಗೆ ಗೊತ್ತು. ‘ಖಂಡಿತ ಬಂಗಾರಮ್ಮ, ನೀನು ಹೇಳೋದು ನ್ಯಾಯ’ ಎಂದು ಪ್ಲಂಬರನ್ನು ಕರೆಸಿದ. ಸಂಜೆಯೊಳಗೆ ಹಿತ್ತಿಲಲ್ಲಿ, ಕೊಟ್ಟಿಗೆಯ ಗೋಡೆಗೆ, ಹೊಸ ನಲ್ಲಿ ಬಂತು. ಕೆಳಗೆ ಸ್ಟೀಲಿನ ಬೇಸಿನ್ನು. ಒತ್ತಿದರೆ ಬರುವ ಸೋಪಿನ ಬಾಟಲಿ. ‘ನೋಡು, ನಿನಗೇ ಅಂತ ಸ್ಪೆಷಲ್ಲು. ಬೇರೆ ಯಾರೂ ಮುಟ್ಟಲ್ಲ ಇದನ್ನ’ ಎಂದ.

ಬೇರೆ ಯಾರೂ ಮುಟ್ಟಲ್ಲ! ಅವಳು ನಲ್ಲಿ ತಿರುಗಿಸಿದಳು. ಒಳ್ಳೆಯ ನೀರು.

‘ಈ ನೀರು ಎಲ್ಲಿಂದ ಬರ್ತೈತಣ್ಣ?’

‘ಮ್ಯಾಲಿನ ಟ್ಯಾಂಕಿಂದ. ಮನೆಗೆಲ್ಲ ಅದೇ.’

‘ಒಳಗಿನ ನಲ್ಲಿಗೂ ಅದೇ ಟ್ಯಾಂಕಾ?’

‘ಅದೇ.’

‘ಮತ್ತೆ ಒಳಗಿನ ನಲ್ಲಿಗೆ ಏನಾಗೈತೆ?’

ರೇಣುಕಾಪ್ರಸಾದನ ಮುಖದಿಂದ ನಗು ಇಳಿಯಿತು. ‘ಕೆಲಸ ಮಾಡಾಕೆ ಬಂದಿದೀಯ, ಮಾಡು’ ಎಂದು ಒಳಗೆ ಹೋದ.

ಅವಳು ಇನ್ನೂ ಸ್ವಲ್ಪ ದಿನ ಮಾಡಿದಳು. ನಲ್ಲಿಯಲ್ಲಿ ತೊಳೆದ ಕೈ ಮತ್ತೆ ಹಿತ್ತಿಲ ಬಾಗಿಲು ನೂಕಬೇಕಿತ್ತು. ಮತ್ತೆ ಕೊಟ್ಟಿಗೆಯ ಗಳ, ಮತ್ತೆ ಪರದೆ. ಕಂಬಳಿ ಅಲ್ಲೇ ಇತ್ತು. ಕೊಯ್ದು ಚೊಕ್ಕ ಮಾಡಿ ಕಳಿಸಿದ್ದ ಗಾಯದ ಅಂಚು ಮತ್ತೆ ಬೂದಿ ಬಣ್ಣಕ್ಕೆ ತಿರುಗತೊಡಗಿತು. ಅದನ್ನು ಮೊದಲು ಕಂಡವಳು ಅವಳೇ. ಈ ಸಲ ಸಾಯುತ್ತಾರೆ. ಸತ್ತರೆ ಕೊಂದವಳು ನಾನು ಎನ್ನುತ್ತಾರೆ.

ಅವತ್ತು ಸೋಮವಾರ, ಬೆಳಗಿನ ಹೊತ್ತು. ಸಾಹುಕಾರರನ್ನು ಬಲ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಳೆಯ ಬಟ್ಟೆ ಬಿಚ್ಚಿದಳು. ಕೀವು ಬಟ್ಟೆಯ ಜೊತೆ ನೂಲಾಗಿ ಬಂತು. ಅವಳ ಎರಡೂ ಕೈ ಮಣಿಕಟ್ಟಿನವರೆಗೆ ಕೊಳೆಯಾದವು. ಗಾಯ ಬಾಯಿ ತೆರೆದುಕೊಂಡಿತ್ತು. ಆಳದಲ್ಲಿ ಮೂಳೆ ಬೆಳ್ಳಗಿತ್ತು. ಇನ್ನು ಕೈ ತೊಳೆದು ಬಂದು ಹೊಸ ಬಟ್ಟೆ ಇಡಬೇಕು.

ಬಂಗಾರಮ್ಮ ಹಿತ್ತಿಲ ಕಡೆ ತಿರುಗಲಿಲ್ಲ. ಬಚ್ಚಲ ಕಡೆ ತಿರುಗಿದಳು.

ಅಕ್ಕನಾಗಮ್ಮ ದಡಬಡಿಸಿ ಬಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತರು. ‘ಏ, ಎತ್ತಾಗೆ?’

‘ಕೈ ತೊಳ್ಯಾಕೆ. ದಾರಿ ಬಿಡ್ರಿ ಅಮ್ಮಾರೆ.’

‘ಹಿತ್ಲಾಗೆ ನಲ್ಲಿ ಹಾಕ್ಸಿಲ್ವಾ ನಿಂಗೆ?’

‘ಅಲ್ಲಿಂದ ಬರೋತ್ಗೆ ಕೈ ಮತ್ತೆ ಕೊಳೆ. ಇಲ್ನೋಡ್ರಿ, ಮತ್ತೆ ಕೊಳೀತೈತೆ. ಡಾಕ್ಟ್ರು ಏನಂದ್ರು, ನೀವೂ ಕೇಳಿದ್ರಿ. ನಿಮ್ಮ ಗಂಡನ ಜೀವ ಅದು. ದಾರಿ ಬಿಡ್ರಿ.’

‘ನಾನು ದಿನಾ ಲಿಂಗಪೂಜೆಗೆ ಕೈ ತೊಳ್ಯೋ ಜಾಗ ಅದು. ಆಗಲ್ಲ.’

‘ದಿನಾ ಅದನ್ನ ತಿಕ್ಕೋಳು ನಾನೇ ಅಲ್ವೇನ್ರೀ!’

‘ತಿಕ್ಕೋದು ಬೇರೆ.’

ಬಂಗಾರಮ್ಮನ ಕೈಗಳು ಗಾಳಿಯಲ್ಲಿ ಹಾಗೇ ನಿಂತಿದ್ದವು. ಬೆರಳ ತುದಿಯಿಂದ ಕೀವು ನೆಲಕ್ಕೆ ತೊಟ್ಟಿಕ್ಕಿತು. ಗಾಯದ ಮೇಲೆ ಒಂದು ನೊಣ ಕೂತಿತು. ಸಾಹುಕಾರರು ಮಗ್ಗುಲಾಗಿ ಮಲಗಿ ಇವರಿಬ್ಬರನ್ನೂ ನೋಡುತ್ತಿದ್ದರು. ಗದ್ದಲಕ್ಕೆ ರೇಣುಕಾಪ್ರಸಾದನೂ ಸೌಂದರ್ಯಳೂ ಹೊಸಿಲಿಗೆ ಬಂದು ನಿಂತರು. ಯಾರೂ ಒಳಗೆ ಬರಲಿಲ್ಲ.

‘ಸಾವ್ಕಾರ್ರೆ, ನೀವೇ ಹೇಳ್ರಿ’ ಬಂಗಾರಮ್ಮ ಮಂಚದ ಕಡೆ ತಿರುಗಿದಳು. ‘ಮನೆ ನಿಮ್ದು. ಮೈ ನಿಮ್ದು. ನನ್ನ ಕೈಯಾಗೆ ಐತೆ ನಿಮ್ಮ ಹುಣ್ಣು. ಆ ನೀರಾಗೆ ತೊಳ್ಕಂಡು ಬರ್ಲಾ? ಒಂದು ಹೂಂ ಅನ್ರಿ ಸಾಕು.’

ಸಾಹುಕಾರರು ಅವಳನ್ನು ನೋಡಿದರು. ಅವ್ವಾ ಎಂದು ಕರೆದಾಗ ನೋಡಿದ್ದ ಅದೇ ಕಣ್ಣು. ಆಮೇಲೆ ಹೆಂಡತಿಯನ್ನು ನೋಡಿದರು. ಬೇಸಿನ್ನನ್ನು ನೋಡಿದರು. ಸೊಟ್ಟ ಬಾಯಿ ಬಹಳ ಕಷ್ಟಪಟ್ಟು ತೆರೆಯಿತು. ಜೊಲ್ಲಿನ ಜೊತೆ ಒಂದೇ ಶಬ್ದ ಬಂತು.

‘ಬ್ಯಾಡ.’

ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಬಂಗಾರಮ್ಮ ಹತ್ತಿರ ಬಗ್ಗಿದಳು. ಪರಮಶಿವಪ್ಪ ಎಡಗೈ ಎತ್ತಿ, ಹಿತ್ತಿಲ ಕಡೆ ಬೆರಳು ತೋರಿಸಿದ. ‘ಅಲ್ಲಿ’ ಎಂದ.

ಮೂಳೆ ಕಾಣುವ ಹಾಗೆ ಕೊಳೆತಿದ್ದಾನೆ. ಇವಳ ಕೈ ಬಿಟ್ಟರೆ ಗತಿಯಿಲ್ಲ. ಆದರೂ ಬೇಡ. ಸಾಯುತ್ತಾನೆ, ಆದರೂ ಆ ನಲ್ಲಿಯ ಒಂದು ಧಾರೆ ಇವಳ ಕೈ ಮೇಲೆ ಬೀಳಬಾರದು. ಬಂಗಾರಮ್ಮನೊಳಗೆ ಏನೋ ಪಟ್ಟನೆ ಹರಿಯಿತು. ಪುಟ್ಟಪ್ಪನ ಹುಳ ಆರಿಸಿದ ಕೈ ಇದು. ಇವನ ಹೇಲು ಬಳಿದ ಕೈ ಇದು. ಇಡೀ ಆಸ್ಪತ್ರೆಯ ಮುಂದೆ ಕೊಳಕು ಎನ್ನಿಸಿಕೊಂಡ ಕೈ. ಅವಳಿಗೆ ಅಳು ಬರಲಿಲ್ಲ. ಇಷ್ಟು ದಿನ ಇವನಿಗಾಗಿ ಮರುಗಿದ್ದಕ್ಕೆ ತನ್ನ ಮೇಲೇ ಹೇಸಿಗೆ ಬಂತು.

ಮಂಚದ ತಲೆಯ ಕಡೆ, ಗೂಟದಲ್ಲಿ, ಸಭೆಯಲ್ಲಿ ಹೊದಿಸಿದ ಜರಿ ಅಂಚಿನ ಬಿಳೀ ಶಾಲು ನೇತಾಡುತ್ತಿತ್ತು. ನೋಡಲು ಬರುವವರ ಎದುರು ಅವನಿಗೆ ಹೊದಿಸುತ್ತಿದ್ದದ್ದು. ಬಂಗಾರಮ್ಮ ಅದನ್ನು ಎಳೆದುಕೊಂಡಳು. ಎರಡೂ ಕೈಯನ್ನು ಅದಕ್ಕೆ ಒರೆಸಿದಳು. ನಿಧಾನವಾಗಿ, ಸಿಸ್ಟರು ಹೇಳಿಕೊಟ್ಟ ಹಾಗೆ, ಬೆರಳ ಸಂದಿ, ಉಗುರ ಸಂದಿ ಬಿಡದೆ ಒರೆಸಿದಳು. ಒರೆಸಿ ಅವನ ಎದೆಯ ಮೇಲೆ ಹಾಕಿದಳು.

‘ತಗ. ನಿಂದು ನಿನಗೇ ಇರ್ಲಿ.’

ಆ ಮನೆಯ ಬೆಕ್ಕಿಗೂ ಬಹುವಚನ ಹಚ್ಚಿ ಮಾತಾಡುತ್ತಿದ್ದವಳು ಅವಳು.

‘ಏಯ್, ಗಾಯ ಬಿಚ್ಚಿಟ್ಟು ಎಲ್ಲಿಗೆ ಹೋಗ್ತೀಯಾ?’ ರೇಣುಕಾಪ್ರಸಾದ ಅಡ್ಡ ಬಂದ. ‘ಅಪ್ಪಾಜಿಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ.’

‘ಮೂವರು ಇದ್ದೀರಿ. ಆರು ಕೈ ಅವೆ. ಆರೂ ಆ ಬೇಸಿನ್ನಾಗೆ ತೊಳ್ಯಾಕೆ ಬರೋ ಕೈ. ತೊಳ್ಕಂಡು ಹೋಗಿ ಮುಚ್ರಿ’ ಎಂದಳು ಬಂಗಾರಮ್ಮ.

ಅವಳು ಮುಂದೆ ನಡೆದಳು. ಅವನು ಸರಿದ. ಅವಳ ಮೈ ತಾಗೀತೆಂದು ಸರಿದ. ಅವಳು ಹಿತ್ತಿಲಿಗೆ ಹೋಗಲಿಲ್ಲ. ಪಡಸಾಲೆಯ ನಡುವಿನಿಂದ, ದೇವರ ಕೋಣೆಯ ಮುಂದಿನಿಂದ ನಡೆದು, ತಲೆಬಾಗಿಲಿನಿಂದ ಹೊರಗೆ ಬಂದಳು. ಮುಂಬಾಗಿಲ ಮೆಟ್ಟಿಲ ಪಕ್ಕ ಬಂದವರು ಕಾಲು ತೊಳೆಯಲೆಂದು ಒಂದು ನಲ್ಲಿ ಇತ್ತು. ಅದನ್ನು ಪೂರ್ತಿ ತಿರುಗಿಸಿ ಮೊಣಕೈವರೆಗೆ ಕೈ ತೊಳೆದಳು. ಎದುರಿನ ಅಂಗಡಿಯವರು ನೋಡಿದರು. ನೋಡಲಿ. ತೊಳೆದು, ಬೊಗಸೆ ಹಿಡಿದು ಕುಡಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆರು ಕೈಗಳಲ್ಲಿ ಒಂದೂ ಆ ಗಾಯ ಮುಚ್ಚಲಿಲ್ಲ. ಪ್ರಮೀಳಾ ಸಿಸ್ಟರು ಡ್ಯೂಟಿ ಮುಗಿಸಿ ಬಂದಿದ್ದು ಸಂಜೆಗೆ. ಹಗಲೆಲ್ಲ ಅದು ನೊಣಗಳ ಪಾಲಾಗಿತ್ತಂತೆ. ಮತ್ತೆ ಜ್ವರ, ಮತ್ತೆ ನಡುಕ, ಮತ್ತೆ ಶಿವಮೊಗ್ಗ. ಮುಂದಿನ ಸೋಮವಾರದ ಹೊತ್ತಿಗೆ ಪರಮಶಿವಪ್ಪ ಹೆಣವಾಗಿ ಮನೆಗೆ ಬಂದ. ಕೆಲಸದವಳು ಗಾಯ ತೆರೆದಿಟ್ಟು ಓಡಿಹೋದಳು, ಅದಕ್ಕೇ ಸತ್ತರು ಎಂದು ಪೇಟೆಯೆಲ್ಲ ಮಾತಾಯಿತು. ಆ ಮಾತು ಬಸ್ಸು ಹತ್ತಿ ಬಂಗಾರಮ್ಮನ ಕೇರಿಗೂ ಬಂತು. ಅವಳು ಕೇಳಿಸಿಕೊಂಡಳು. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಅನ್ನ ಕಲಸುವಾಗ ಆ ಬಾಯ್ತೆರೆದ ಗಾಯ ಕಣ್ಣಿಗೆ ಬಂದು, ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ತಪ್ಪು ಮಾಡಿದೆ ಎಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ.

ಶಿವಗಣಾರಾಧನೆಯ ದಿನ ಬೆಳಿಗ್ಗೆ ಮಂಡಿಯ ಗೂಡ್ಸ್ ಆಟೋ ಹುಣಸೆಮರದ ಕೆಳಗೆ ಬಂದು ನಿಂತಿತು. ಡ್ರೈವರ್ ಚೌಡೇಶ್ ಒಂದು ಗಂಟನ್ನು ಕೆಳಗಿಳಿಸಿದ. ‘ಸತ್ತೋರ ಹಾಸಿಗೆ ಕೇರಿಗೆ ಕೊಡೋದು ಪದ್ಧತಿ ಅಂತೆ ಅಕ್ಕ. ಅಮ್ಮಾರು ನಿಂಗೇ ಕೊಡಾಕೆ ಹೇಳಿದ್ರು’ ಎಂದ. ಗಂಟು ಬಿಚ್ಚಿದರೆ ಕರಿ ಕಂಬಳಿ. ಗಾಳಿ ಹಾಸಿಗೆ ಇರಲಿಲ್ಲ. ಅದನ್ನು ಒರೆಸಿ ಅಟ್ಟಕ್ಕೆ ಹಾಕಿದ್ದರು.

ಬಂಗಾರಮ್ಮನ ಅತ್ತೆ ತಾಯಮ್ಮ ಮುದುಕಿ. ಚಳಿಗೆ ಗೋಣಿ ಹೊದೆಯುವವಳು. ಕಂಬಳಿಯ ಒಂದು ಒಳ್ಳೆಯ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ‘ಗಟ್ಟಿ ಕಂಬಳಿ ಕಣೆ. ಹೊಳ್ಯಾಗೆ ಒಗದ್ರೆ ನನ್ನ ಕಾಲ ಮುಗಿಯೋವರ್ಗೂ ಬರ್ತೈತೆ’ ಎಂದಳು.

‘ಇದ್ರಾಗೆ ಅವರ ನಂಜು ಐತೆ ಅತ್ತೆ. ಯಾವ ಹೊಳೀಗೂ ಹೋಗಲ್ಲ’ ಎಂದು ಬಂಗಾರಮ್ಮ ಕಂಬಳಿಯನ್ನು ಮಡಚಿ ಬಗಲಿಗೆ ಇಟ್ಟುಕೊಂಡು ರಸ್ತೆಗೆ ಬಂದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಉಳಿಯಿತು. ವಾಸನೆ ಹಾಗಿತ್ತು.

ಮನೆಯ ಮುಂದೆ ಶಾಮಿಯಾನ. ಸ್ವಾಮಿಗಳು ಬಂದು ಹೋಗಿದ್ದರು. ಪರಮಶಿವಪ್ಪನ ದೊಡ್ಡ ಪಟ, ಪಟಕ್ಕೆ ಹಾರ. ಮೈಕಿನಲ್ಲಿ ಯಾರೋ ಅವನ ಗುಣ ಹೇಳುತ್ತಿದ್ದರು. ಭೇದವನ್ನೇ ಅರಿಯದ ಜೀವ ಎನ್ನುತ್ತಿದ್ದರು. ಒಳಗೆ ಪಡಸಾಲೆಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದರು. ಜನ ಶಾಮಿಯಾನದಿಂದ ಎದ್ದು ಊಟಕ್ಕೆ ಒಳಗೆ ಹೊರಟಿದ್ದರು. ಅಕ್ಕನಾಗಮ್ಮ ತಲೆಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುತ್ತಿದ್ದರು.

ಬಂಗಾರಮ್ಮ ಮೆಟ್ಟಿಲು ಹತ್ತಿದಳು. ಜನ ವಾಸನೆಗೆ ಸರಿದು ದಾರಿ ಬಿಟ್ಟರು. ಅವಳು ಕಂಬಳಿಯ ಮಡಿಕೆ ಬಿಚ್ಚಿ, ಕೊಡವಿ, ತಲೆಬಾಗಿಲ ಹೊಸಿಲಿಗೆ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ ಹಾಸಿದಳು. ಕೀವು ರಕ್ತ ಒಣಗಿ ಹೆಪ್ಪುಗಟ್ಟಿದ ಜಾಗ ಮೇಲೆ ಬರುವ ಹಾಗೆ ಹಾಸಿದಳು. ಮೈಕಿನವನ ಮಾತು ನಿಂತಿತು.

‘ಏನೇ ಇದು? ಎತ್ತು, ಎತ್ತು ಅದನ್ನ!’ ಅಕ್ಕನಾಗಮ್ಮ ಕಿರುಚಿದರು.

‘ಕಂಬಳಿಗೆ ಮೈಲಿಗೆ ಇಲ್ಲ ಅಂದಿದ್ರಿ ಅಮ್ಮಾರೆ. ಅದಕ್ಕೇ ನಿಮ್ಮ ಗಂಡನ ಕೆಳಗೆ ಹಾಸಿದ್ರಿ, ನನ್ನ ಕೈ ನಿಮಗೆ ತಾಗಬಾರ್ದು ಅಂತ. ತಾಗ್ಲಿಲ್ಲ ಬಿಡ್ರಿ. ಆ ಮನುಷ್ಯನ್ನ ತಿಂತು.’ ಅವಳು ಏದುಸಿರು ಬಿಡುತ್ತಿದ್ದಳು. ‘ನಿಮ್ದು ನಿಮಗೇ ತಂದೀನಿ. ಮೈಲಿಗೆ ಇಲ್ವಲ್ಲ, ಎತ್ತಿ ಒಳಗಿಟ್ಕಳ್ರಿ. ಕೊಳೆ ಅನ್ಸಿದ್ರೆ ತೊಳೀರಿ. ಒಳಗೆ ನಲ್ಲಿ ಐತಲ್ಲ.’

‘ಎತ್ತೇ ಅದನ್ನ!’ ರೇಣುಕಾಪ್ರಸಾದ ಒಳಗಿನಿಂದ ಓಡಿ ಬಂದು, ಕಂಬಳಿಯ ಅಂಚಿಗೆ ಬಂದವನೇ ನಿಂತುಬಿಟ್ಟ.

‘ನಾನು ಮುಟ್ಟಲ್ಲ’ ಎಂದಳು ಬಂಗಾರಮ್ಮ.

ಅವಳು ಮೆಟ್ಟಿಲಿಳಿದು, ಆ ಕಾಲು ತೊಳೆಯುವ ನಲ್ಲಿ ತಿರುಗಿಸಿ, ಕೈ ತೊಳೆದುಕೊಂಡು, ಶಾಮಿಯಾನದ ನಡುವೆ ನಡೆದು ಹೋದಳು. ಹಿಂದೆ ರೇಣುಕಾಪ್ರಸಾದ ಯಾರನ್ನಾದರೂ ಕರೀರೋ, ಚೌಡೇಶನ್ನ ಕರೀರೋ, ಯಾರಾದ್ರೂ ಬರ್ಲಿ ಎಂದು ಕೂಗುತ್ತಿದ್ದ. ಒಳಗಿದ್ದವರು ಹೊರಗೆ ಬರಲಾರದೆ ನಿಂತರು. ಹೊರಗಿದ್ದವರು ಒಳಗೆ ಹೋಗಲಾರದೆ ನಿಂತರು. ಎಲೆಯ ಮೇಲಿನ ಅನ್ನ ಆರುತ್ತಿತ್ತು. ಕಂಬಳಿ ಹೊಸಿಲಿಗಡ್ಡ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ.